ಕೆಂಪು ಪುಸ್ತಕದಲ್ಲಿ ನಾನು ಕಂಡ ಒಂದೇ ಪುಟ

ಠೇವಣಿ ಎಂದರೇನು ಎಂದು ಹೇಳಿಕೊಟ್ಟ ತಪ್ಪಿಗೆ ನನ್ನ ಎಡ ಭುಜದ ಮೇಲೆ ಕುದಿಯುವ ಸಾಂಬಾರು ಬಿದ್ದಿತು. ಇದನ್ನು ಕೇಳಿದವರು ಮೊದಲು ನಗುತ್ತಾರೆ. ನಾನೂ ಎಷ್ಟೋ ಸಲ ನಗೆಯ ಮಾತಾಗಿಯೇ ಇದನ್ನು ಹೇಳಿದ್ದೇನೆ, ಆದರೆ ಪ್ರತಿ ಸಲವೂ ಸಾಂಬಾರಿನ ಹತ್ತಿರವೇ ನಿಲ್ಲಿಸಿದ್ದೇನೆ. ಮುಂದಿನದನ್ನು ಯಾರಿಗೂ ಹೇಳಿಲ್ಲ.

ಆಗ ಹೊಸ ಪೈಸೆ ಇನ್ನೂ ಬಂದಿರಲಿಲ್ಲ, ಲೆಕ್ಕವೆಲ್ಲ ರೂಪಾಯಿ ಆಣೆಗಳಲ್ಲಿ. ನಾನು ಒಂದು ಸಣ್ಣ ಖಾಸಗಿ ಬ್ಯಾಂಕಿನ ಮಾಟುಂಗ ಶಾಖೆಯಲ್ಲಿ ಲೆಡ್ಜರ್ ಗುಮಾಸ್ತ. ಫೋರ್ಟ್ ಬಡಾವಣೆಯ ಹೆಡ್ ಆಫೀಸಿನಿಂದ ಒಂದು ಹುಕುಂ ಬಂತು: ಪ್ರತಿ ಗುಮಾಸ್ತನೂ ಮೂರು ತಿಂಗಳಲ್ಲಿ ಐವತ್ತು ಹೊಸ ಉಳಿತಾಯ ಖಾತೆಗಳನ್ನು ತರಬೇಕು. ತಂದವರಿಗೆ ಬಹುಮಾನವೇನೂ ಇಲ್ಲ, ತರದವರ ಹೆಸರು ಮಾತ್ರ ಬರೆದುಕೊಳ್ಳುತ್ತಾರಂತೆ. ನಮ್ಮ ಮ್ಯಾನೇಜರರು ನನಗೆ ಉಡುಪಿ ಹೋಟೆಲುಗಳನ್ನು ಹಂಚಿದರು, ಕನ್ನಡ ಬರುತ್ತದೆ ಎಂಬ ಕಾರಣಕ್ಕೆ. ನನ್ನ ಧಾರವಾಡದ ಕನ್ನಡಕ್ಕೂ ಹೋಟೆಲಿನವರ ಕರಾವಳಿ ಕನ್ನಡಕ್ಕೂ ನಡುವೆ ಇಡೀ ಪಶ್ಚಿಮ ಘಟ್ಟ ಅಡ್ಡ ಮಲಗಿದೆ ಎಂಬುದು ಮಂಗಳೂರಿನವರೇ ಆದ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಕಳಿಸಲು ಬೇರೆ ಯಾರೂ ಇರಲಿಲ್ಲ.

ಹೋಟೆಲಿನವರು ಮಾತಿಗೆ ಸಿಗುವುದು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ, ಊಟದ ಗಿರಾಕಿ ಮುಗಿದು ತಿಂಡಿಯ ಗಿರಾಕಿ ಶುರುವಾಗುವ ಮೊದಲು. ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿದ್ದ ಒಂದು ದೊಡ್ಡ ಹೋಟೆಲಿಗೆ ನಾನು ಮೊದಲು ಹೋದೆ. ಹಿಂಬಾಗಿಲಿನಿಂದ ಅಡುಗೆಮನೆಗೆ ಕಾಲಿಟ್ಟಾಗ ಅಡುಗೆಯ ಭಟ್ಟರು ಗ್ಲಾಸು ತೊಳೆಯುವವನ ಬೆನ್ನಿಗೆ ಸಟ್ಟುಗದಿಂದ ಬಾರಿಸುತ್ತಿದ್ದರು. ಸಟ್ಟುಗ ಎಣ್ಣೆಯಿಂದ ಆಗಷ್ಟೇ ಎತ್ತಿದ್ದು. ಆತ ಮೂವತ್ತು ದಾಟಿದ ಗಂಡಸು, ಹಲ್ಲು ಕಚ್ಚಿ ನಿಂತಿದ್ದ. ಉಳಿದವರು ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದರು. ಮೂರು ವಾರ ಅಲ್ಲಿಗೆ ಹೋಗಿ ಬಂದ ಮೇಲೆ ನನಗೂ ಅದು ಅಭ್ಯಾಸವಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಅಲ್ಲಿ ಪೆಟ್ಟು ಸಂಬಳದ ಜೊತೆ ಬರುವ ಭತ್ಯೆಯಿದ್ದಂತೆ. ಧಣಿ ಭಟ್ಟರಿಗೆ ಬೈಯುವುದು, ಭಟ್ಟರು ಕೆಳಗಿನವರಿಗೆ ಹೊಡೆಯುವುದು, ಕೆಳಗಿನವರು ಬೆಕ್ಕಿಗೆ ಒದೆಯುವುದು.

ಅಲ್ಲಿ ಹನ್ನೆರಡು ಜನ ಕೆಲಸದವರು. ನಾನು ಅಕ್ಕಿ ಮೂಟೆಯ ಮೇಲೆ ಕೂತು ಪಾಸ್‌ಬುಕ್ ತೋರಿಸಿದೆ. ಐದು ರೂಪಾಯಿ ಇದ್ದರೆ ಖಾತೆ ತೆರೆಯಬಹುದು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ, ವರ್ಷಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದೆ. ಬಡ್ಡಿ ಎಂದರೆ ಅವರಿಗೆ ಗೊತ್ತಿದ್ದದ್ದು ಕೊಡುವ ಬಡ್ಡಿ ಮಾತ್ರ, ಬರುವ ಬಡ್ಡಿ ಅಲ್ಲ. ಹೇಗೆ ತಿಳಿಸಲಿ ಎಂದು ನೋಡುವಾಗ ಮೂಲೆಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆ ಕಂಡಿತು.

"ರಾತ್ರಿ ನೀವು ಅರ್ಧ ಪಾತ್ರಿ ಹಿಟ್ಟು ಇಡತೀರಿ, ಬೆಳಿಗ್ಗೆ ಅದು ಉಬ್ಬಿ ಮುಕ್ಕಾಲು ಆಗಿರತದ. ಇಟ್ಟದ್ದು ಅಸಲು, ಉಬ್ಬಿದ್ದು ಬಡ್ಡಿ. ಅಷ್ಟ ನೋಡ್ರಿ."

"ಎರಡು ದಿನ ಇಟ್ರೆ ಹುಳಿ ಜಾಸ್ತಿಯಾಗಿ ಬಿಸಾಡ್ಬೇಕಲ್ಲ ಸಾರ್. ನಿಮ್ಮ ಬ್ಯಾಂಕೂ ಹಾಗೆಯಾ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು.

ಕೇಳಿದವನು ಹಿಟ್ಟು ರುಬ್ಬುವವನು. ಇಪ್ಪತ್ತೆಂಟರ ಪ್ರಾಯ, ಬಾಗಿಲಿನಷ್ಟು ಅಗಲದ ಎದೆ, ಅಂಗೈ ಎರಡೂ ಕಲ್ಲಾಗಿದ್ದವು. ಐದನೆಯ ಇಯತ್ತೆವರೆಗೆ ಓದಿದ್ದ. ಆ ಹನ್ನೆರಡು ಜನರಲ್ಲಿ ಪ್ರಶ್ನೆ ಕೇಳುವ ಚಟ ಇದ್ದದ್ದು ಅವನೊಬ್ಬನಿಗೆ. ನನಗೆ ಅವನು ಕೂಡಲೇ ಇಷ್ಟವಾದ, ಅದರಲ್ಲೇ ಅವನ ಗ್ರಹಚಾರ ಇತ್ತು.

"ನೀ ಖಾತೆ ತಗೀತೀ ಏನಪಾ?"

"ತೆಗೀಲಿಕ್ಕೆ ಕೈಯಲ್ಲಿ ದುಡ್ಡು ಬೇಕಲ್ಲ ಸಾರ್. ನಮ್ಮ ದುಡ್ಡೆಲ್ಲ ಧಣಿಗಳ ಹತ್ರ ಉಂಟು."

ಆಗ ತಿಳಿಯಿತು. ಆ ಹೋಟೆಲುಗಳಲ್ಲಿ ಕೆಲಸದವರು ತಿಂಗಳು ತಿಂಗಳು ಸಂಬಳ ಎಣಿಸಿಕೊಳ್ಳುತ್ತಿರಲಿಲ್ಲ. ಉಣ್ಣುವುದು, ಮಲಗುವುದು ಹೋಟೆಲಿನಲ್ಲೇ. ಕ್ಷೌರಕ್ಕೆ, ಸಿನಿಮಾಕ್ಕೆ, ಊರಿಗೆ ಮನಿಯಾರ್ಡರಿಗೆ ಬೇಕಾದಷ್ಟು ಕೇಳಿ ಪಡೆಯುವುದು. ಮಿಕ್ಕದ್ದು ಧಣಿಯ ಹತ್ತಿರ ಜಮೆ. ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಹೊರಟಾಗ ಧಣಿ ಲೆಕ್ಕ ಹಾಕಿ ಕೊಡುತ್ತಿದ್ದ. ರುಬ್ಬುವವನು ಏಳು ವರ್ಷದಿಂದ ಊರಿಗೆ ಹೋಗಿರಲಿಲ್ಲ. ಬಾಂದ್ರಾ ಸ್ಟೇಷನ್ನಿನ ಬಳಿ ಅವನ ಚಿಕ್ಕಪ್ಪನ ಮಗ ನಾಲ್ಕು ಮೇಜಿನ ಚಹದ ಅಂಗಡಿಯೊಂದನ್ನು ಹಿಡಿಯಲು ಹೊಂಚಿದ್ದ. ಪಗಡಿ, ಅಂದರೆ ಮಳಿಗೆಯ ಬೀಗದ ಕೈಗೆ ಮೊದಲೇ ಕೊಡಬೇಕಾದ ಹಣ, ಎರಡು ಸಾವಿರದ ನಾನೂರು. ಅರ್ಧ ಇವನದು, ಅರ್ಧ ಅವನದು. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಮಳಿಗೆ ಬೇರೆಯವರ ಪಾಲು. ಇವನಿಗೆ ಬೇಕಾದದ್ದು ಸಾವಿರದ ಇನ್ನೂರು ರೂಪಾಯಿ, ಅದೂ ಅವನದೇ ದುಡ್ಡು.

ನಾನು ಸಭ್ಯತೆಯಿಂದಲೇ ಗಲ್ಲಾದ ಹತ್ತಿರ ಹೋಗಿ ಧಣಿಯನ್ನು ಕೇಳಿದೆ. ಬಿಳಿ ಅಂಗಿ, ಹಣೆಗೆ ಗಂಧ, ಮೃದು ಮಾತು. ಅವರಿಗೆ ಸಿಟ್ಟು ಬರಲಿಲ್ಲ. ಕೆಂಪು ಬಟ್ಟೆಯ ಹೊದಿಕೆಯ ಉದ್ದ ಪುಸ್ತಕ ತೆಗೆದು ರುಬ್ಬುವವನ ಪುಟವನ್ನು ನನ್ನ ಮುಂದೆ ಹರಡಿದರು.

"ನೋಡಿ, ಏಳು ವರ್ಷದ್ದು ಒಂದೊಂದು ಆಣೆ ಬರೆದುಂಟು. ಸಾವಿರದ ಆರುನೂರ ಹನ್ನೆರಡು ರೂಪಾಯಿ, ಎಂಟಾಣೆ. ನಾನು ಇವರಿಗೆ ತಂದೆ ಇದ್ದ ಹಾಗೆ. ಇವರ ಕೈಗೆ ಕೊಟ್ರೆ ಜೂಜು ಆಡಿ ಹಾಳು ಮಾಡ್ತಾರೆ."

ಅಕ್ಷರ ದುಂಡಗಿತ್ತು, ಕೂಡಿಸಿದ್ದು ಸರಿಯಿತ್ತು. ಆದರೆ ಧಣಿ ಪುಸ್ತಕ ಮುಚ್ಚಿದ ರೀತಿ ನನಗೆ ಸೇರಲಿಲ್ಲ. ಅಡುಗೆಮನೆಗೆ ವಾಪಸು ಬಂದು, ನನ್ನ ಬಾಯಿ ಸುಮ್ಮನಿರದೆ, ಎಲ್ಲರ ಮುಂದೆ ಹೇಳಿಬಿಟ್ಟೆ: "ಆ ಪುಸ್ತಕಕ್ಕ ಒಂದು ಒಣ ಮೆಣಸಿನಕಾಯಿ ಬೆಲೀನೂ ಇಲ್ಲ. ಅವ್ರ ಬರಕೊಂಡದ್ದು, ಅವ್ರ ಹತ್ರನ ಇರೂದು. ರೊಕ್ಕ ಇಟ್ಟವನ ಕೈಯಾಗ ರಸೀದಿ ಇರಬೇಕು. ಇಲ್ಲಂದ್ರ ಅದು ಠೇವಣಿ ಅಲ್ಲ."

ಹತ್ತು ದಿನದ ಮೇಲೆ ರುಬ್ಬುವವನು ಬ್ಯಾಂಕಿಗೆ ಬಂದ. ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದಿದ್ದ. ಧಣಿಯನ್ನು ದುಡ್ಡು ಕೇಳಿದನಂತೆ. ಅದು ಈಗ ಕೈಯಲ್ಲಿಲ್ಲ, ಫೋರ್ಟಿನಲ್ಲಿ ತೆರೆಯುವ ಹೊಸ ಹೋಟೆಲಿನಲ್ಲಿ ನಿನ್ನ ಷೇರು ಎಂದು ಹಾಕಿದ್ದೇನೆ ಎಂದರಂತೆ.

"ಷೇರು ಅಂದ್ರೆ ಎಂತ ಸಾರ್? ಒಳ್ಳೇದಾ?"

ನಾನು ಕೌಂಟರಿನ ಈಚೆ ಬಂದು ಬೆಂಚಿನ ಮೇಲೆ ಅವನ ಪಕ್ಕ ಕೂತೆ. ಠೇವಣಿ ಎಂದರೆ ಇಟ್ಟುಕೊಂಡವನಿಗೆ ಲಾಭ ಬರಲಿ, ನಷ್ಟ ಬರಲಿ, ಅಸಲು ಮತ್ತು ಬಡ್ಡಿ ನಿನಗೆ ಬರಬೇಕು. ಸಾಲ ಎಂದರೆ ನೀನು ಕೊಟ್ಟವನು, ಅವನು ಪಡೆದವನು, ಅದಕ್ಕೆ ಕಾಗದ ಇರಬೇಕು, ತೀರಿಸುವ ದಿನ ಇರಬೇಕು. ಷೇರು ಎಂದರೆ ಪಾಲು. ಲಾಭ ಬಂದರೆ ಲಾಭದಲ್ಲಿ ಪಾಲು, ಮುಳುಗಿದರೆ ಮುಳುಗಿದ್ದರಲ್ಲೂ ಪಾಲು. ಆದರೆ ಪಾಲುದಾರನಾಗು ಎಂದು ನಿನ್ನನ್ನು ಕೇಳಬೇಕು, ನೀನು ಒಪ್ಪಬೇಕು. ಕೇಳದೆ ಹಾಕಿದ್ದು ಷೇರಲ್ಲ, ಅದಕ್ಕೆ ಬೇರೆ ಹೆಸರಿದೆ ಎಂದೆ. ಅವನು ಮರೆತಾನು ಎಂದು ಹಣ ಕಟ್ಟುವ ಚೀಟಿಯ ಹಿಂಬದಿಯಲ್ಲಿ ಮೂರು ಪ್ರಶ್ನೆ ಬರೆದುಕೊಟ್ಟೆ: ನನ್ನ ಹಣ ಠೇವಣಿಯಾದರೆ ರಸೀದಿ ಎಲ್ಲಿ? ಸಾಲವಾದರೆ ತೀರಿಸುವ ದಿನ ಯಾವುದು? ಷೇರಾದರೆ ನಾನು ಒಪ್ಪಿದ ಕಾಗದ ಎಲ್ಲಿ?

ಅವನು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ಬ್ಯಾಂಕಿನ ಹೆಸರು ಅಚ್ಚಾದ ಚೀಟಿಯ ಮೇಲೆ ನನ್ನ ಕೈಬರಹ. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂದು ನಮ್ಮಲ್ಲಿ ಗಾದೆ ಇದೆ. ಅದು ಆ ಹೊತ್ತಿಗೆ ನೆನಪಾಗಲಿಲ್ಲ.

ಮಾರನೆಯ ದಿನ ಬೇರೆ ಇಬ್ಬರ ಖಾತೆಯ ಅರ್ಜಿಗೆ ಹೆಬ್ಬೆಟ್ಟು ಹಾಕಿಸಿಕೊಳ್ಳಲೆಂದು ಮೂರೂಕಾಲಿಗೆ ಆ ಹೋಟೆಲಿಗೆ ಹೋದೆ. ರುಬ್ಬುಕಲ್ಲಿನ ಮುಂದೆ ಬೇರೆ ಯಾರೋ ಇದ್ದರು. ಅವನು ಗೋಡೆಗೆ ಒರಗಿ ಕೂತಿದ್ದ. ಬಲಗೈಗೆ ಹರಿದ ಪಂಚೆ ಸುತ್ತಿತ್ತು, ಪಂಚೆ ಪೂರ್ತಿ ಕೆಂಪಾಗಿತ್ತು. ಚೀಟಿಯನ್ನು ಧಣಿಯ ಮುಂದೆ ಓದಿದನಂತೆ. ಗಲ್ಲಾದಲ್ಲಿ ಕೂರುತ್ತಿದ್ದ ಧಣಿಯ ಭಾವಮೈದುನ ಅವನನ್ನು ಒಳಗೆ ಎಳೆದುಕೊಂಡು ಬಂದು, ಅವನ ಕೈಯನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದು, ಸೌದೆಯ ತುಂಡಿನಿಂದ ನಾಲ್ಕು ಏಟು ಹಾಕಿದನಂತೆ. ಮೂರು ಬೆರಳು ಮುರಿದಿದ್ದವು. ರುಬ್ಬುವವನ ಬಲಗೈ.

ನಾನು ಬಗ್ಗಿ ಅವನ ಕೈ ನೋಡುತ್ತಿದ್ದೆ. ಹಿಂದಿನಿಂದ "ಬ್ಯಾಂಕಿನ ಮಾಷ್ಟ್ರು ಬಂದ್ರಾ?" ಎಂಬ ಮಾತು ಕೇಳಿತು. ತಿರುಗುವಷ್ಟರಲ್ಲಿ ಭುಜದ ಮೇಲೆ ಏನೋ ಬಿತ್ತು. ಮೊದಲು ಅದು ತಣ್ಣಗೆನಿಸಿತು, ಆಮೇಲೆ ನಾನು ಕಿರುಚಿದೆ. ಭಾವಮೈದುನನ ಕೈಯಲ್ಲಿ ಸಾಂಬಾರಿನ ಪಾತ್ರೆ. ಅಂಗಿಯ ಬಟ್ಟೆ ಚರ್ಮಕ್ಕೆ ಅಂಟಿ, ಬಿಡಿಸಿದಾಗ ಚರ್ಮವನ್ನೂ ಕಿತ್ತುಕೊಂಡು ಬಂತು. ಭಟ್ಟರೇ ನನ್ನ ಮೇಲೆ ಒಂದು ಕೊಡ ನೀರು ಸುರಿದು ಹಿಂಬಾಗಿಲಿನಿಂದ ಹೊರಗೆ ದೂಡಿದರು.

ಒಂದು ವಾರ ಮಲಗಿದ್ದೆ, ಹೊಟ್ಟೆ ಕೆಳಗಾಗಿ. ಎದ್ದು ಬ್ಯಾಂಕಿಗೆ ಹೋದಾಗ ಮ್ಯಾನೇಜರರು ಬಾಗಿಲು ಹಾಕಿ ಕೂರಿಸಿದರು.

"ಪೊಲೀಸ್ ಕಂಪ್ಲೇಂಟ್ ಕೊಡ್ಲಿಕ್ಕೆ ಹೋಗ್ಬೇಡಿ. ಆ ಧಣಿ ನಮ್ಮ ಗಿರಾಕಿ. ಅವರ ಖಾತೆ ಈ ಹೊತ್ತಿಗೆ ಬಹಳ ನಾಜೂಕು ಉಂಟು. ನೀವೇ ಲೆಡ್ಜರ್ ನೋಡಿ, ಮತ್ತೆ ಈ ನೋಟೀಸು ಟೈಪ್ ಮಾಡಿ."

ಲೆಡ್ಜರ್ ನೋಡಿದೆ. ಧಣಿಗೆ ನಮ್ಮಲ್ಲಿ ಓವರ್‌ಡ್ರಾಫ್ಟ್ ಇತ್ತು, ಅಂದರೆ ಖಾತೆಯಲ್ಲಿ ಹಣವಿಲ್ಲದಿದ್ದರೂ ಇಂತಿಷ್ಟರವರೆಗೆ ತೆಗೆಯಬಹುದಾದ ಸಾಲ. ಮಿತಿ ಇಪ್ಪತ್ತು ಸಾವಿರ, ಅವರು ತೆಗೆದದ್ದು ಇಪ್ಪತ್ತೊಂದೂವರೆ. ಅದಕ್ಕೆ ಹೋಟೆಲಿನ ಮೇಜು ಕುರ್ಚಿಯಿಂದ ಹಂಡೆಯವರೆಗೆ ಎಲ್ಲವೂ ಅಡವು. ಫೋರ್ಟಿನ ಯಾವ ಮಳಿಗೆಗೂ ಒಂದು ಚೆಕ್ ಹೋಗಿರಲಿಲ್ಲ. ಸೋಮವಾರಕ್ಕೊಂದರಂತೆ ಚೆಕ್ಕುಗಳೆಲ್ಲ ಹತ್ತಿಯ ಸಟ್ಟಾ ನಡೆಸುವ ಒಬ್ಬ ದಲ್ಲಾಳಿಗೆ. ಹನ್ನೆರಡು ಜನರ ಸಂಬಳ ಕಣ್ಣಿಗೆ ಕಾಣದ ಹತ್ತಿಯ ಮೇಲೆ ಜೂಜಾಗಿ ಹೋಗಿತ್ತು. ನಾನು ಟೈಪ್ ಮಾಡಬೇಕಾಗಿದ್ದ ನೋಟೀಸಿನಲ್ಲಿ ಹತ್ತು ದಿನದ ವಾಯಿದೆ, ಅದರೊಳಗೆ ಸಾಲ ಕಟ್ಟದಿದ್ದರೆ ಜಪ್ತಿ.

ಅಡವಿನ ನಿಯಮ ನನಗೆ ಗೊತ್ತಿತ್ತು. ಜಪ್ತಿಯಾದ ಮೇಲೆ ಮೊದಲ ತುತ್ತು ಬ್ಯಾಂಕಿನದು. ಮಿಕ್ಕಿದರೆ ಉಳಿದವರು ಕಾದು ನಿಲ್ಲಬೇಕು. ಈಗಲೇ ಕೇಳಿದವರಿಗೆ ದಿನದ ವ್ಯಾಪಾರದಿಂದ ಏನಾದರೂ ಸಿಕ್ಕೀತು, ಹತ್ತು ದಿನದ ಮೇಲೆ ಕೇಳಿದವರಿಗೆ ಬೀಗ ಮಾತ್ರ ಸಿಗುತ್ತದೆ. ಆದರೆ ಕೆಲಸಕ್ಕೆ ಸೇರಿದ ದಿನ ನಾನು ಒಂದು ಕಾಗದಕ್ಕೆ ಸಹಿ ಹಾಕಿದ್ದೆ: ಗಿರಾಕಿಯ ಖಾತೆಯ ವಿಷಯವನ್ನು ಹೊರಗೆ ಆಡುವುದಿಲ್ಲ. ಆಡಿದರೆ ನೌಕರಿ ಹೋಗುತ್ತದೆ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ಚಾಳಿನ ಒಂದು ಖೋಲಿ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ಸಂಜೆ ಮಾಟುಂಗ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರುಬ್ಬುವವನು ಸಿಕ್ಕ. ಕೈಗೆ ಪ್ಲಾಸ್ಟರ್ ಹಾಕಿತ್ತು. ಬಾಂದ್ರಾಕ್ಕೆ ಹೋಗಿ, ಪಗಡಿಗೆ ಇನ್ನೊಂದು ವಾರ ಕೇಳಿಕೊಂಡು ಬಂದಿದ್ದ.

"ಧಣಿಗಳು ದೀಪಾವಳಿಗೆ ಕೊಡ್ತೇನೆ ಅಂತ ಹೇಳಿದ್ದಾರೆ ಸಾರ್. ಸ್ವಲ್ಪ ತಾಳ್ಮೆ ಮಾಡುದಾ ಅಂತ."

"ತಾಳಬ್ಯಾಡ," ಎಂದೆ. "ಅವ್ರ ಹತ್ರ ಏನೂ ಉಳದಿಲ್ಲ. ಇನ್ನೊಂದು ವಾರಕ್ಕ ಹೋಟೆಲಿಗೆ ಬೀಗ ಬೀಳತದ. ನಾಳೆ ಹೋಗಿ, ಹನ್ನೆರಡೂ ಮಂದಿ ಕೂಡಿ, ಇಷ್ಟು ಕೊಡೂದದ ಅಂತ ಬರಸಿಕೋರಿ. ಒಬ್ಬ ವಕೀಲನ್ನ ನೋಡ್ರಿ. ಯಾರೂ ಕೈ ಮಾಡಬ್ಯಾಡ್ರಿ."

ನ್ಯಾಯಕ್ಕಾಗಿ ಹೇಳಿದೆ ಎಂದರೆ ಅದು ಅರ್ಧ ಸುಳ್ಳು. ನನ್ನ ಭುಜ ಇನ್ನೂ ಉರಿಯುತ್ತಿತ್ತು. ಕೈ ಮಾಡಬೇಡಿ ಎಂದು ನಾನು ಬಾಯಿಯಿಂದ ಹೇಳಿದ್ದು ನಿಜ, ಆದರೆ ಧಣಿಯ ಆ ಗಂಧದ ಹಣೆ ಒಡೆಯಲಿ ಎಂದು ಹೊಟ್ಟೆಯೊಳಗೆ ಅಂದುಕೊಂಡದ್ದೂ ನಿಜ.

ಮರುದಿನ ಮಧ್ಯಾಹ್ನ ಮೂರೂವರೆಗೆ ನಾನು ಬ್ಯಾಂಕಿನಿಂದ ನೆಪ ಹೇಳಿ ಹೊರಟೆ. ಹೋಟೆಲಿನ ಮುಂದಿನ ಬಾಗಿಲು ಮುಚ್ಚಿತ್ತು, ಒಳಗಿನಿಂದ ಪಾತ್ರೆ ಬೀಳುವ ಸದ್ದು. ಹಿಂಬಾಗಿಲಿನಿಂದ ಒಳಗೆ ಹೋದೆ. ಭಾವಮೈದುನ ಒಲೆಯ ಮುಂದೆ ಮಗುಚಿ ಬಿದ್ದಿದ್ದ, ಕಿವಿಯಿಂದ ರಕ್ತ ಹರಿಯುತ್ತಿತ್ತು, ಗ್ಲಾಸು ತೊಳೆಯುವವನು ಅವನ ಪಕ್ಕೆಗೆ ಒದೆಯುತ್ತಲೇ ಇದ್ದ. ಒಂದು ಒದೆಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಂಡು, ಭತ್ತ ಕುಟ್ಟುವವರ ಹಾಗೆ. ಸಪ್ಲಾಯರುಗಳು ಅಮೃತಶಿಲೆಯ ಮೇಜುಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕೆ ಅಪ್ಪಳಿಸುತ್ತಿದ್ದರು. ಗಲ್ಲಾಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಅದರಲ್ಲಿ ಸಿಕ್ಕದ್ದು ಎಂಬತ್ತಮೂರು ರೂಪಾಯಿ ಚಿಲ್ಲರೆ. ಇಷ್ಟು ವರ್ಷದ ದುಡಿಮೆಗೆ ಇಷ್ಟೇ ಎಂದು ಕಂಡ ಮೇಲೆ ಅವರನ್ನು ಹಿಡಿಯುವವರು ಯಾರೂ ಇರಲಿಲ್ಲವಂತೆ.

ಧಣಿ ರುಬ್ಬುಕಲ್ಲಿನ ಪಕ್ಕದಲ್ಲಿ ಕೂತಿದ್ದರು, ಅಲ್ಲ, ಕೂರಿಸಿದ್ದರು. ಬಿಳಿ ಅಂಗಿ ಬಿಳಿಯಾಗಿ ಉಳಿದಿರಲಿಲ್ಲ. ಒಂದು ಕಣ್ಣಿನ ಜಾಗದಲ್ಲಿ ಕಣ್ಣು ಕಾಣಲಿಲ್ಲ. ರುಬ್ಬುವವನು ಎಡಗೈಯಿಂದ ರುಬ್ಬುವ ಗುಂಡನ್ನು ಎತ್ತಿ ಹಿಡಿದಿದ್ದ. ಅದನ್ನು ಎರಡು ಕೈಯಿಂದಲೂ ಎತ್ತಲು ನನ್ನಂಥವನಿಗೆ ಆಗುವುದಿಲ್ಲ. ನಾನು ಅವನ ಹೆಸರು ಹಿಡಿದು ಕೂಗಿದೆ. ಅವನು ನನ್ನ ಕಡೆ ನೋಡಿ, ಗುಂಡನ್ನು ಧಣಿಯ ಮೊಣಕಾಲಿನ ಮೇಲೆ ಬಿಟ್ಟ. ಆ ಸದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಭಟ್ಟರು ಕೆಂಪು ಪುಸ್ತಕವನ್ನು ಎತ್ತಿಕೊಂಡು ಬಂದರು. ಹತ್ತು ವರ್ಷದಿಂದ ಒಡೆದ ಗ್ಲಾಸಿಗೆ, ಚೆಲ್ಲಿದ ಹಾಲಿಗೆ, ಜ್ವರ ಬಂದು ಮಲಗಿದ ದಿನಕ್ಕೆ ದಂಡ ಬರೆದ ಪುಸ್ತಕ ಅದು. ಅವರು ಅದಕ್ಕೆ ಉಗಿದು, ಉರಿಯುವ ಒಲೆಗೆ ಎಸೆದರು. ಉಳಿದವರು ಕೇಕೆ ಹಾಕಿದರು.

ನಾನು ಒಲೆಗೆ ಕೈ ಹಾಕಲು ಓಡಿದೆ. ಸಪ್ಲಾಯರ್ ಒಬ್ಬ ನನ್ನನ್ನು ತಬ್ಬಿ ಹಿಡಿದ.

"ಬಿಡಿ ಸಾರ್, ಸುಟ್ಟು ಹೋಗ್ಲಿ. ನೀವೇ ಹೇಳಿದ್ದಲ್ಲವಾ, ಅದಕ್ಕೆ ಒಣಮೆಣಸಿನ ಬೆಲೆಯೂ ಇಲ್ಲ ಅಂತ."

ಅವರಿಗೆ ನಾನು ಠೇವಣಿ ಹೇಳಿಕೊಟ್ಟಿದ್ದೆ, ಷೇರು ಹೇಳಿಕೊಟ್ಟಿದ್ದೆ, ಅಸಲು ಬಡ್ಡಿ ಹೇಳಿಕೊಟ್ಟಿದ್ದೆ. ಸಾಲಗಾರ ತನ್ನ ಕೈಯಾರೆ ಬರೆದುಕೊಂಡ ಪುಸ್ತಕವೇ ಅವನ ವಿರುದ್ಧದ ದೊಡ್ಡ ಸಾಕ್ಷಿ ಎಂಬುದನ್ನು ಹೇಳಿರಲಿಲ್ಲ. ಚಪ್ಪಾಳೆಯ ಆಸೆಗೆ ಒಂದು ಮಾತು ಒಗೆದಿದ್ದೆ, ಅವರು ಅದನ್ನು ನಂಬಿದ್ದರು. ಹನ್ನೆರಡು ಜನರ ದುಡಿಮೆಗೆ ಇದ್ದ ಏಕೈಕ ಪುರಾವೆ ನನ್ನ ಕಣ್ಣ ಮುಂದೆ ಅಂಚಿನಿಂದ ಸುರುಟಿಕೊಂಡು ಕರಕಾಯಿತು.

ಪೊಲೀಸರು ಬಂದರು. ಧಣಿ ಬದುಕಿದರು, ಒಂದು ಕಣ್ಣು ಮತ್ತು ಒಂದು ಕಾಲು ಕಳೆದುಕೊಂಡು. ಭಾವಮೈದುನನೂ ಬದುಕಿದ. ರುಬ್ಬುವವನಿಗೆ ಒಂದೂವರೆ ವರ್ಷ ಶಿಕ್ಷೆಯಾಯಿತು, ಭಟ್ಟರಿಗೆ ಮತ್ತು ಗ್ಲಾಸು ತೊಳೆಯುವವನಿಗೆ ಆರಾರು ತಿಂಗಳು. ಧಣಿ ದಿವಾಳಿಯಾಗಿದ್ದಾರೆಂದು ನಿನಗೆ ಯಾರು ಹೇಳಿದರು ಎಂದು ಠಾಣೆಯಲ್ಲಿ ರುಬ್ಬುವವನನ್ನು ಮೂರು ದಿನ ಹೊಡೆದು ಕೇಳಿದರಂತೆ, ಮುರಿದ ಬೆರಳುಗಳ ಮೇಲೆಯೇ. ಅವನು ಯಾರೂ ಹೇಳಲಿಲ್ಲ ಎಂದೇ ಹೇಳಿದ. ನನ್ನ ಕುರ್ಚಿ ಉಳಿದದ್ದು ಹಾಗೆ. ಬಾಂದ್ರಾದ ಮಳಿಗೆ ಅಷ್ಟರಲ್ಲಿ ಒಬ್ಬ ಹಣ್ಣಿನವನ ಪಾಲಾಗಿತ್ತು. ಆದರೆ ಬಿಡುಗಡೆಯಾಗಿ ಬಂದ ಮೇಲೆ ತನ್ನ ಸಾವಿರದ ಆರುನೂರು ಸಿಕ್ಕರೆ ಬೇರೆ ಮಳಿಗೆ ನೋಡುತ್ತೇನೆ ಎಂದು ಜೈಲಿನಿಂದ ಹೇಳಿ ಕಳಿಸಿದ್ದ.

ಜಪ್ತಿಯ ಪಟ್ಟಿ ಮಾಡಲು ಮ್ಯಾನೇಜರರು ನನ್ನನ್ನೇ ಕಳಿಸಿದರು. ಹಿತ್ತಾಳೆ ಹಂಡೆ ಆರು, ಗೋಡೆ ಗಡಿಯಾರ ಒಂದು, ಒಡೆಯದೆ ಉಳಿದ ಮೇಜು ನಾಲ್ಕು, ಕುರ್ಚಿ ಇಪ್ಪತ್ತೆರಡು. ಸಾಮಾನು ಮತ್ತು ಮಳಿಗೆಯ ಹಕ್ಕು ಹರಾಜಾಗಿ, ಬ್ಯಾಂಕಿನ ಅಸಲು ಬಡ್ಡಿ ಎಲ್ಲ ತೀರಿ, ಯಾರೂ ಎಣಿಸದ ಹಾಗೆ ಮೂರು ಸಾವಿರದ ಚಿಲ್ಲರೆ ಉಳಿಯಿತು. ಆ ಹಣವನ್ನು ತಡೆಹಿಡಿಸಿ, ಸಂಬಳದ ದೂರು ಕೇಳುವ ಅಧಿಕಾರಿಯ ಮುಂದೆ ಹನ್ನೆರಡು ಜನರೂ ಅರ್ಜಿ ಹಾಕಿದರು. ಧಣಿಯ ಕಡೆಯಿಂದ ಬಂದ ಉತ್ತರ ಒಂದೇ ಸಾಲು: ಎಲ್ಲರಿಗೂ ತಿಂಗಳು ತಿಂಗಳು ಸಂಬಳ ಸಂದಿದೆ, ಬಾಕಿ ಏನೂ ಇಲ್ಲ.

ಪುಸ್ತಕವನ್ನು ಕಣ್ಣಾರೆ ಕಂಡ ಹೊರಗಿನವನು ನಾನೊಬ್ಬನೇ. ಕೆಲಸದವರ ವಕೀಲರು ಬಂದು ಕೇಳಿದರು. ಸಾಕ್ಷಿ ಹೇಳಿದರೆ ನನ್ನ ನೌಕರಿಗೆ ಸಂಚಕಾರ ಎಂದು ಗೊತ್ತಿತ್ತು. ಠಾಣೆಯ ಮೂರು ದಿನ ನೆನೆದು ಒಪ್ಪಿದೆ. ಹೇಳಬೇಕಾದದ್ದು ಇಷ್ಟೇ: ಒಂದು ಪುಟ ಕಂಡಿದ್ದೇನೆ, ರುಬ್ಬುವವನದು, ಸಾವಿರದ ಆರುನೂರ ಹನ್ನೆರಡು ರೂಪಾಯಿ ಎಂಟಾಣೆ, ಧಣಿಯೇ ತೋರಿಸಿದ್ದು. ಬ್ಯಾಂಕಿನ ಗುಮಾಸ್ತನ ಮಾತು, ಅಧಿಕಾರಿ ನಂಬುತ್ತಾರೆ ಎಂದರು ವಕೀಲರು.

ವಿಚಾರಣೆಯ ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಉಳಿದವರು ನನ್ನನ್ನು ಸುತ್ತುಗಟ್ಟಿದರು. ಶಿಕ್ಷೆ ಮುಗಿಸಿ ಬಂದಿದ್ದ ಭಟ್ಟರು ಮುಂದೆ ಇದ್ದರು. ಆರು ತಿಂಗಳಲ್ಲಿ ಅವರ ತಲೆ ಪೂರ್ತಿ ಬಿಳಿಯಾಗಿತ್ತು.

"ಅವನದ್ದೊಂದು ನೋಡಿದ್ದೀರಿ, ಸರಿ. ಉಳಿದ ಪುಟ ಕಣ್ಣಿಗೆ ಬೀಳ್ಲೇ ಇಲ್ಲವಾ ಮಾರಾಯ್ರೆ? ನಾವು ಹನ್ನೊಂದು ಜನ ಇನ್ನು ಎಲ್ಲಿಗೆ ಹೋಗುದು? ಹೊಡೆದವರು ಅಂತ ಯಾವ ಹೋಟೆಲಿನವನೂ ಒಳಗೆ ಸೇರಿಸುದಿಲ್ಲ."

ಒಬ್ಬೊಬ್ಬನೂ ತನ್ನ ಲೆಕ್ಕ ಹೇಳಿದ. ಎರಡು ಸಾವಿರದ ನೂರು. ಒಂಬೈನೂರ ಐವತ್ತು. ಗ್ಲಾಸು ತೊಳೆಯುವವನದು ನಾನೂರ ಹತ್ತು. ಅವನ ಬೆನ್ನ ಮೇಲಿನ ಸಟ್ಟುಗ ನನ್ನ ಕಣ್ಣ ಮುಂದೆ ಬಂತು. ಅವರ ದುಡಿಮೆ ಸುಳ್ಳಲ್ಲ, ಬಾಕಿ ಸುಳ್ಳಲ್ಲ, ಪುಟ ಸುಟ್ಟದ್ದು ನನ್ನ ಮಾತಿನಿಂದ. ಒಬ್ಬನಿಗೆ ಕೊಡಿಸಿ ಹನ್ನೊಂದು ಜನರನ್ನು ಬೀದಿಗೆ ಬಿಡುವುದು ಯಾವ ಸತ್ಯ ಎನಿಸಿತು. ಮೂರು ಸಾವಿರ ಎಲ್ಲರಿಗೂ ಸಾಲದಿದ್ದರೂ ಎಲ್ಲರಿಗೂ ಸ್ವಲ್ಪ ಸಿಗಲಿ. ಲೆಡ್ಜರ್ ಗುಮಾಸ್ತನಿಗೆ ಹನ್ನೆರಡು ಅಂಕಿ ನೆನಪಿಟ್ಟುಕೊಳ್ಳುವುದು ದೊಡ್ಡದಲ್ಲ. ಕಟೆಕಟೆಯಲ್ಲಿ ನಿಂತು, ಪ್ರಮಾಣ ಮಾಡಿ, ಹನ್ನೆರಡು ಪುಟಗಳನ್ನೂ ನೋಡಿದ್ದೇನೆ ಎಂದೆ. ಹನ್ನೆರಡು ಮೊತ್ತಗಳನ್ನೂ ತಡವರಿಸದೆ ಹೇಳಿದೆ. ಅಧಿಕಾರಿ ಬರೆದುಕೊಂಡರು. ಇಬ್ಬರು ಪೊಲೀಸರ ನಡುವೆ ಕೈಬೇಡಿ ಹಾಕಿಕೊಂಡು ಕೂತಿದ್ದ ರುಬ್ಬುವವನು ನನ್ನನ್ನೇ ನೋಡುತ್ತಿದ್ದ.

ಧಣಿಯ ವಕೀಲರು ಎದ್ದರು. ಅವರ ದನಿಯಲ್ಲಿ ಯಾವ ಆತುರವೂ ಇರಲಿಲ್ಲ.

"ಗ್ಲಾಸು ತೊಳೆಯುವವನ ಪುಟದಲ್ಲಿ ಎಷ್ಟಿತ್ತು?"

"ನಾನೂರ ಹತ್ತು."

"ಸ್ಪಷ್ಟವಾಗಿ ನೋಡಿದ್ದ ನೆನಪು?"

"ಹೌದು."

"ಅವನ ಅರ್ಜಿ ಇಲ್ಲಿದೆ. ಒಟ್ಟು ದುಡಿದದ್ದು ಹನ್ನೊಂದು ತಿಂಗಳು, ತಿಂಗಳ ಸಂಬಳ ಹದಿನೈದು ರೂಪಾಯಿ. ತಾವು ಬ್ಯಾಂಕಿನವರು. ಹದಿನೈದನ್ನು ಹನ್ನೊಂದರಿಂದ ಗುಣಿಸಿ."

ಮೆಟ್ಟಿಲ ಮೇಲೆ ಅಂಕಿ ಕೇಳುವಾಗ ಗುಣಿಸಿ ನೋಡಿರಲಿಲ್ಲ. ಅಷ್ಟು ಪೆಟ್ಟು ತಿಂದವರ ಲೆಕ್ಕ ತಾಳೆ ನೋಡುವುದು ನನಗೆ ನಾಚಿಕೆ ಎನಿಸಿತ್ತು. ದಿನಕ್ಕೆ ಇನ್ನೂರು ಲೆಕ್ಕ ತಾಳೆ ನೋಡುವ ಮನುಷ್ಯ ನಾನು.

"ನೂರ ಅರವತ್ತೈದು," ಎಂದೆ.

ಅವರು ಬೇರೆ ಏನನ್ನೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅಧಿಕಾರಿ ಲೇಖನಿ ಕೆಳಗಿಟ್ಟರು. ಒಂದು ಪುಟದ ವಿಷಯದಲ್ಲಿ ಸುಳ್ಳು ಹೇಳಿದ ಸಾಕ್ಷಿಯ ಯಾವ ಪುಟವನ್ನೂ ನಂಬಲಾಗದು ಎಂದು ಅಲ್ಲೇ ಹೇಳಿದರು. ಹನ್ನೆರಡು ಅರ್ಜಿಗಳೂ ವಜಾ ಆದವು. ಮೂರು ಸಾವಿರದ ಚಿಲ್ಲರೆ ಧಣಿಗೆ ವಾಪಸು ಹೋಯಿತು. ನನ್ನನ್ನು ಬ್ಯಾಂಕಿನವರು ಆ ವಾರವೇ ಕೆಲಸದಿಂದ ತೆಗೆದರು, ಅದನ್ನು ನಾನು ಇಲ್ಲಿ ನಷ್ಟದ ಲೆಕ್ಕಕ್ಕೆ ಹಿಡಿದಿಲ್ಲ.

ಹೊರಗೆ ವರಾಂಡದಲ್ಲಿ ಹನ್ನೊಂದು ಜನ ನನ್ನ ಮುಖ ನೋಡದೆ ಇಳಿದು ಹೋದರು. ಗ್ಲಾಸು ತೊಳೆಯುವವನು ಕಂಬಕ್ಕೆ ಹಣೆ ಹಚ್ಚಿ ಅಳುತ್ತಿದ್ದ. ರುಬ್ಬುವವನನ್ನು ಇಬ್ಬರು ಕಾನ್‌ಸ್ಟೇಬಲ್‌ಗಳು ಕರೆತಂದರು. ನಾನು ಅವನ ದಾರಿಗೆ ಅಡ್ಡ ನಿಂತೆ. ಅವನು ಎರಡೂ ಕೈಗಳನ್ನು ಒಟ್ಟಿಗೆ ಎತ್ತಿ, ಬೇಡಿಯ ಕಬ್ಬಿಣದಿಂದ ನನ್ನ ಬಾಯಿಗೆ ಹೊಡೆದ. ನಾನು ನೆಲಕ್ಕೆ ಬಿದ್ದೆ. ಇನ್ನೊಂದು ಏಟಿಗೆ ಕೈ ಎತ್ತಿದವನು ಹಾಗೇ ನಿಂತ. ನೆಟ್ಟಗಾಗದ ಮೂರು ಬೆರಳು ನನ್ನ ಮುಖದ ನೇರಕ್ಕೆ ಇದ್ದವು.

"ನನ್ನದು ನಿಜವೇ ಇತ್ತಲ್ಲ ಸಾರ್," ಎಂದ.

ಕಾನ್‌ಸ್ಟೇಬಲ್‌ಗಳು ಅವನನ್ನು ಹಿಂದಕ್ಕೆ ಎಳೆದರು. ದೂರು ಕೊಡುತ್ತೀರಾ ಎಂದು ಒಬ್ಬ ನನ್ನನ್ನು ಮರಾಠಿಯಲ್ಲಿ ಕೇಳಿದ. ಬಾಯಿ ತುಂಬ ರಕ್ತವಿತ್ತು. ತಲೆ ಅಲ್ಲಾಡಿಸಿದೆ, ಇಲ್ಲ ಎಂದು. ಅವನನ್ನು ಮೆಟ್ಟಿಲು ಇಳಿಸಿ ವ್ಯಾನಿಗೆ ಹತ್ತಿಸಿಕೊಂಡು ಹೋದರು.